ಎಡಬಿಡಂಗಿಯ ಕಿರ್ದಿ ಪುಸ್ತಕ

17 ವರ್ಷದಿಂದ ರಾಜಕೀಯ ಅಂಕಣ ಬರೆಯುತ್ತಿದ್ದೇನೆ. ಇಷ್ಟರಲ್ಲಿ ಬಂದ ಬೈಗುಳಗಳಿಗೆ ಲೆಕ್ಕವಿಲ್ಲ. ಗಂಜಿ ಗಿರಾಕಿ, ಲದ್ದಿಜೀವಿ, ಗುಲಾಮ, ಆಮೇಲೆ ಭಕ್ತ. ಒಂದೇ ವಾರದಲ್ಲಿ ಸೋಮವಾರ ಗುಲಾಮನಾಗಿ ಶುಕ್ರವಾರ ಭಕ್ತನಾದದ್ದೂ ಇದೆ. ಇವುಗಳಲ್ಲಿ ನನಗೆ ಜಾಸ್ತಿ ಹಿಡಿಸಿದ್ದು 'ಎಡಬಿಡಂಗಿ'. ಅದನ್ನು ಹೇಳಿದವನು ನನ್ನ ಹಳೇ ಗೆಳೆಯ. 'ನೀನು ಎಡವೂ ಅಲ್ಲ, ಬಲವೂ ಅಲ್ಲ, ಸುಮ್ನೆ ಎಡಬಿಡಂಗಿ' ಅಂದ. ಬೈದದ್ದು ಬೇಜಾರಾಯಿತು, ಪದ ಮಾತ್ರ ಚೆನ್ನಾಗಿದೆ ಅನ್ನಿಸಿತು.

ನಾನು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಹಗಲೆಲ್ಲ ಕಿರ್ದಿ ಅನ್ನುವ ದಿನದ ಲೆಕ್ಕದ ಪುಸ್ತಕ, ಖಾತೆ, ಲಾರಿ ರಶೀದಿ. ಬುಧವಾರ ರಾತ್ರಿ ಜಿಲ್ಲೆಯ ಒಂದು ಪತ್ರಿಕೆಗೆ ಅಂಕಣ. ಶುರುವಿನಲ್ಲಿ ಅಂಕಣಕ್ಕೆ 150 ರೂಪಾಯಿ ಕೊಡುತ್ತಿದ್ದರು, ಈಗ 400. 'ಕವರ್ ಎಷ್ಟು ಬಂತು ಸಾರ್?' ಅಂತ ಕಣ್ಣು ಮಿಟುಕಿಸುವವರಿಗೆ ಈ 400ರ ಕಥೆ ಹೇಳಿದರೆ ನಗುತ್ತಾರೆ.

ಬರೆಯಲು ಶುರು ಮಾಡಿದ್ದು 2008ರಲ್ಲಿ. ಬಿಜೆಪಿ 110 ಸ್ಥಾನ ಗೆದ್ದು, ಬಹುಮತಕ್ಕೆ ಮೂರು ಕಡಿಮೆ ಬಿದ್ದು, ಪಕ್ಷೇತರರನ್ನು ಕರೆದುಕೊಂಡು ಸರ್ಕಾರ ಮಾಡಿದ ವರ್ಷ. ಅದರ ಬೆನ್ನಿಗೇ, ಬೇರೆ ಪಕ್ಷದ ಶಾಸಕರಿಂದ ರಾಜೀನಾಮೆ ಕೊಡಿಸಿ ತಮ್ಮ ಕಡೆ ಸೆಳೆಯುವ ಆಪರೇಷನ್ ಕಮಲ ಬಂತು. ಅಂಕಣಕಾರನಿಗೆ ವಿಷಯದ ಬರ ಇರಲಿಲ್ಲ. ನನಗೊಂದು ಬಳಗವೂ ಇತ್ತು. ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ಭಾನುವಾರ ಸಂಜೆ ಸೇರುತ್ತಿದ್ದೆವು. ರಿಟೈರ್ ಆದ ಇಬ್ಬರು ಮೇಷ್ಟ್ರು, ಹಸಿರು ಶಾಲಿನ ಒಬ್ಬ ರೈತ, ಒಬ್ಬ ವಕೀಲ, ಎಲ್‌ಐಸಿ ಏಜೆಂಟ್ ಒಬ್ಬ. ನಾವೆಲ್ಲ ಒಂದೇ ಕಡೆಯವರು. ಯಾವ ಕಡೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಗುರುವಾರ ಪತ್ರಿಕೆ ಬಂದರೆ ಭಾನುವಾರ ಅವರು ನನ್ನ ಬೆನ್ನು ತಟ್ಟುತ್ತಿದ್ದರು. ಈಗ ಯೋಚಿಸಿದರೆ ಅನ್ನಿಸುತ್ತದೆ, ನಾನು ಬರೆಯುತ್ತಿದ್ದದ್ದು ಓದುಗರಿಗಲ್ಲ, ಆ ಐದು ಜನಕ್ಕೆ.

ನಮ್ಮ ಮನೆಯ ಕಥೆ ಗೊತ್ತಿದ್ದವರಿಗೆ ಇದು ವಿಚಿತ್ರ ಅನ್ನಿಸಬಹುದು. ನಾನು ಬೆಳೆದ ಮನೆಯಲ್ಲಿ ಒಂದೇ ಕಡೆ ಅನ್ನುವುದೇ ಇರಲಿಲ್ಲ.

ನಮ್ಮಪ್ಪ ಗೇಣಿದಾರ. 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದಾಗ ಅಪ್ಪ ಉಳುತ್ತಿದ್ದ ಜಮೀನು ತನ್ನದಾಗಲಿ ಅಂತ ಫಾರಂ 7 ಅರ್ಜಿ ಹಾಕಿದ. ಭೂ ನ್ಯಾಯಮಂಡಳಿ ಮುಂದೆ ಎಷ್ಟೋ ಸಲ ನಿಂತ. ಕೊನೆಗೆ 3 ಎಕರೆ ನಮ್ಮದಾಯಿತು. ಅವತ್ತಿನಿಂದ ದೇವರ ಗೂಡಿನ ಪಕ್ಕದಲ್ಲಿ ಅರಸು ಫೋಟೋ, ಅದರ ಪಕ್ಕ ಇಂದಿರಾ ಗಾಂಧಿ ಫೋಟೋ.

ಚಿಕ್ಕಪ್ಪ ಸಮಾಜವಾದಿ. ತುರ್ತು ಪರಿಸ್ಥಿತಿಯಲ್ಲಿ ಕರಪತ್ರ ಹಂಚಿ ಸಿಕ್ಕಿಬಿದ್ದು ಬೆಂಗಳೂರಿನ ಸೆಂಟ್ರಲ್ ಜೈಲು ಸೇರಿದ. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದ್ದ ಅದೇ ಜೈಲು. ತಾನು ಜೀವಮಾನವೆಲ್ಲ ಬೈದುಕೊಂಡು ಬಂದ ಜನಸಂಘದವರ ಪಕ್ಕದಲ್ಲೇ ಕೂತು ಊಟ ಮಾಡಬೇಕಾಯಿತು ಅಂತ ನಗುತ್ತಾ ಹೇಳುತ್ತಿದ್ದ. ಹೊರಗೆ ಬಂದ ಮೇಲೆ ಆ ಫೋಟೋ ಇದ್ದ ಕೋಣೆಯಲ್ಲಿ ಅವನು ಊಟಕ್ಕೆ ಕೂರುತ್ತಿರಲಿಲ್ಲ. ಜಗಲಿಯಲ್ಲೇ ತಟ್ಟೆ. ಯುಗಾದಿ ದಿನವೂ ಅಷ್ಟೇ.

1978ರಲ್ಲಿ ಚಿಕ್ಕಮಗಳೂರು ಉಪಚುನಾವಣೆ ಬಂತು. ಇಂದಿರಾ ಗಾಂಧಿ ಎದುರು ವೀರೇಂದ್ರ ಪಾಟೀಲ್. ಚಿಕ್ಕಪ್ಪ ಪಾಟೀಲರ ಪರ ಪ್ರಚಾರಕ್ಕೆ ಹೋದ. ಅಪ್ಪ ಇಂದಿರಮ್ಮನನ್ನು ನೋಡಲು ಲಾರಿ ಹತ್ತಿ ಹೋದ. ಇಬ್ಬರೂ ಒಂದೇ ದಿನ ವಾಪಸ್ ಬಂದರಂತೆ, ಮಾತಿಲ್ಲದೆ. ಮರುವರ್ಷ ಅರಸು ಮತ್ತು ಇಂದಿರಾ ಬೇರೆಯಾದರು. ಅಪ್ಪನಿಗೆ ದಿಕ್ಕೇ ತೋಚಲಿಲ್ಲ. ಗೋಡೆ ಮೇಲೆ ಇಬ್ಬರೂ ಅಕ್ಕಪಕ್ಕ ಇದ್ದಾರೆ, ಯಾರನ್ನು ಇಳಿಸುವುದು? ಎರಡು ದಿನ ಯೋಚಿಸಿ ಇಬ್ಬರನ್ನೂ ಅಲ್ಲೇ ಬಿಟ್ಟ. ಚಿಕ್ಕಪ್ಪ ಅವತ್ತು ಮೊದಲ ಸಲ ಒಳಗೆ ಬಂದು ಕೂತು ಉಂಡ.

ಅವನು ಒಂದು ಮಾತು ಹೇಳುತ್ತಿದ್ದ. 'ಅಣ್ಣನಿಗೆ ಜಮೀನು ಕೊಟ್ಟಿದ್ದೂ ಅದೇ ಸರ್ಕಾರ, ನನ್ನನ್ನ ಒಳಗೆ ಹಾಕಿದ್ದೂ ಅದೇ ಸರ್ಕಾರ. ಒಂದು ಹೇಳೋವಾಗ ಇನ್ನೊಂದನ್ನ ಮುಚ್ಚಿಡಬೇಡ ಕಣೋ.' ನಾನು ಕೇಳಿಸಿಕೊಂಡಿದ್ದೆ. ಬರೆಯಲು ಕೂತಾಗ ಮರೆತೆ.

ನೆನಪು ಮಾಡಿದ್ದು ಒಂದು ಪೋಸ್ಟ್ ಕಾರ್ಡ್.

2020ರ ಜುಲೈ. ಕೊರೋನಾ ಕಾಲ. ಆಗಿನ ಬಿಜೆಪಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿತು. ಗೊತ್ತಿಲ್ಲದವರಿಗೆ ಎರಡು ಸಾಲು: ಬೇಸಾಯ ಬಿಟ್ಟು ಬೇರೆ ಮೂಲದಿಂದ ಇಂತಿಷ್ಟಕ್ಕಿಂತ ಜಾಸ್ತಿ ಆದಾಯ ಇರುವವರು ಕೃಷಿ ಜಮೀನು ಕೊಳ್ಳುವಂತಿಲ್ಲ ಅಂತ 79ಎ ಹೇಳುತ್ತಿತ್ತು. ಕೃಷಿಕರಲ್ಲದವರು ಇಟ್ಟುಕೊಳ್ಳುವಂತಿಲ್ಲ ಅಂತ 79ಬಿ. ಅಪ್ಪನ 3 ಎಕರೆ ಬಂದದ್ದು ಅದೇ ಕಾಯ್ದೆಯಿಂದ. ನನಗೆ ಮೈಯೆಲ್ಲ ಉರಿದುಹೋಯಿತು. ಸಾಲಾಗಿ ನಾಲ್ಕು ಅಂಕಣ ಬರೆದೆ. 'ಉಳುವವನೇ ಒಡೆಯ' ಅಂದ ನಾಡಿನಲ್ಲಿ 'ಉಳ್ಳವನೇ ಒಡೆಯ' ಅಂತೆಲ್ಲ. ಬಳಗದಲ್ಲಿ ಜೈಕಾರ.

ಆಗ ಬಂತು ಕಾರ್ಡ್. ತುರುವೇಕೆರೆ ಕಡೆಯ ರಿಟೈರ್ಡ್ ಶಿರಸ್ತೇದಾರರೊಬ್ಬರು ಬರೆದದ್ದು. ದುಂಡಗಿನ ಅಕ್ಷರ, ಒಂದೂ ಕೆಟ್ಟ ಮಾತಿಲ್ಲ. 'ತಮ್ಮ ಲೇಖನಗಳನ್ನು ಓದಿದೆ. 79ಎ ಆದಾಯ ಮಿತಿಯನ್ನು 2015ರಲ್ಲಿ 2 ಲಕ್ಷದಿಂದ 25 ಲಕ್ಷಕ್ಕೆ ಏರಿಸಲಾಯಿತು. ಆಗ ತಾವು ಬರೆದದ್ದನ್ನು ದಯವಿಟ್ಟು ಕತ್ತರಿಸಿ ಕಳುಹಿಸಿ. ಓದುವ ಆಸೆ.'

2015ರಲ್ಲಿ ಇದ್ದದ್ದು ಕಾಂಗ್ರೆಸ್ ಸರ್ಕಾರ. ನಮ್ಮೋರ ಸರ್ಕಾರ.

ನನ್ನ ಅಂಕಣಗಳನ್ನೆಲ್ಲ ಕತ್ತರಿಸಿ ಹಳೇ ಖಾತೆ ಪುಸ್ತಕಗಳಲ್ಲಿ ಅಂಟಿಸಿಟ್ಟಿದ್ದೇನೆ. ಮಂಡಿ ಬುದ್ಧಿ, ಏನನ್ನೂ ಬಿಸಾಡುವುದಿಲ್ಲ. 2015ರ ಪುಸ್ತಕ ತೆಗೆದೆ. ಮೊದಲ ಪುಟದಿಂದ ಕೊನೆ ಪುಟದವರೆಗೆ ಹುಡುಕಿದೆ. ಬಿಹಾರದ ಚುನಾವಣೆ ಬಗ್ಗೆ ಐದು ಅಂಕಣ ಇತ್ತು. ನಾನು ಬಿಹಾರ ನೋಡಿಲ್ಲ. 79ಎ ಬಗ್ಗೆ ಒಂದು ಸಾಲೂ ಇರಲಿಲ್ಲ. ಗೊತ್ತಿರಲಿಲ್ಲವೇ ಅಂದರೆ ಗೊತ್ತಿತ್ತು. ಬಳಗದ ವಕೀಲ ಒಂದು ಭಾನುವಾರ ಹೇಳಿದ್ದ. 'ಬಿಡಿ, ಇರಲಿ' ಅಂದುಕೊಂಡು ಎರಡನೇ ಟೀ ಕುಡಿದಿದ್ದೆವು.

ಅವತ್ತು ರಾತ್ರಿ ಒಂದು ಹೊಸ ಕಿರ್ದಿ ಪುಸ್ತಕ ಶುರು ಮಾಡಿದೆ. ಎಡಪುಟದಲ್ಲಿ ಆ ವಾರ ಬರೆದದ್ದು. ಬಲಪುಟದಲ್ಲಿ ಬರೆಯಬೇಕಿತ್ತು, ಬರೆಯಲಿಲ್ಲ ಅನ್ನುವಂಥದ್ದು. ಪಕ್ಕದಲ್ಲಿ ಕಾರಣ. ಕಾರಣದ ಕಲಮು ಸುಲಭ ಅಂದುಕೊಂಡಿದ್ದೆ. ಅದೇ ಕಷ್ಟ. 'ಜಾಗ ಇರಲಿಲ್ಲ', 'ವಿಷಯ ಹಳತಾಗಿತ್ತು' ಅಂತ ಬರೆಯುತ್ತೇನೆ, ಮರುದಿನ ನೋಡಿದರೆ ಅದು ಸುಳ್ಳು ಅಂತ ನನಗೇ ಗೊತ್ತಾಗುತ್ತದೆ. ಹೊಡೆದು ಹಾಕಿ ನಿಜ ಬರೆಯುತ್ತೇನೆ. ಮೊದಲ ವರ್ಷ ಬಲಪುಟದಲ್ಲಿ 11 ಬಾಕಿ ಇದ್ದವು. ಅವುಗಳಲ್ಲಿ 7ರ ಪಕ್ಕದಲ್ಲಿ ಒಂದೇ ಪದ: 'ನಮ್ಮೋರು'.

ಐದನೇ ಅಂಕಣದಲ್ಲಿ 2015ರದ್ದನ್ನೂ ಬರೆದೆ. 2020ರಲ್ಲಿ ಬಾಗಿಲು ಕಿತ್ತುಹಾಕಿದರು, ನಿಜ. ಅದರ ಅಗುಳಿ ತೆಗೆದದ್ದು 2015ರಲ್ಲಿ. ನಾನು ನೋಡಿಯೂ ಸುಮ್ಮನಿದ್ದೆ ಅಂತ. ಜೊತೆಗೆ ನನ್ನ ದೊಡ್ಡಮ್ಮನ ಮಗನ ಮಾತನ್ನೂ ಹಾಕಿದೆ. ಅವನು ಮಗಳ ಮದುವೆಗೆ 1 ಎಕರೆ ಮಾರಬೇಕಿತ್ತು, 'ಕೊಳ್ಳೋರನ್ನ ಕಡಿಮೆ ಮಾಡೋ ಕಾನೂನು ನಂಗ್ಯಾಕೆ ಒಳ್ಳೇದು?' ಅಂತ ಕೇಳಿದ್ದ. ಅವನಿಗೆ ಕೊಡಲು ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಕಾಯ್ದೆ ಉಳಿಯಬೇಕಿತ್ತು ಅಂತಲೇ ನಾನು ಈಗಲೂ ಹೇಳುತ್ತೇನೆ. ಅವನ ಪ್ರಶ್ನೆ ಇಲ್ಲ ಅನ್ನುವಂತೆ ಬರೆಯುವುದಿಲ್ಲ, ಅಷ್ಟೇ. ಆ ವರ್ಷ ಡಿಸೆಂಬರ್‌ನಲ್ಲಿ, ಮೊದಲು ವಿರೋಧಿಸುತ್ತಿದ್ದ ಜೆಡಿಎಸ್ ವಿಧಾನ ಪರಿಷತ್ತಿನಲ್ಲಿ ಮಸೂದೆಯ ಪರ ನಿಂತಿತು. ಅದನ್ನು ಬರೆಯಲು ನನಗೆ ಯಾವ ಕಷ್ಟವೂ ಆಗಲಿಲ್ಲ. ಅವರು ನಮ್ಮೋರಲ್ಲವಲ್ಲ.

ಭಾನುವಾರ ಟೀ ಅಂಗಡಿಗೆ ಹೋದೆ. ನಾನು ಬರೆದದ್ದು ಸುಳ್ಳು ಅಂತ ಯಾರೂ ಹೇಳಲಿಲ್ಲ. 'ಇದು ಟೈಮ್ ಅಲ್ಲ ಕಣಯ್ಯಾ' ಅಂದರು. 'ಅವರ ಕೈಗೆ ನಾವೇ ದೊಣ್ಣೆ ಕೊಟ್ಟ ಹಾಗಾಯ್ತು' ಅಂದರು. ಟೈಮ್ ಯಾವಾಗ ಸರಿ ಇರುತ್ತೆ ಅಂತ ಕೇಳಿದೆ. ನಮ್ಮೋರು ಅಧಿಕಾರದಲ್ಲಿ ಇದ್ದಾಗ ಬರೆದರೆ ಸರ್ಕಾರಕ್ಕೆ ಮುಜುಗರ. ವಿರೋಧ ಪಕ್ಷದಲ್ಲಿ ಇದ್ದಾಗ ಬರೆದರೆ ಎದುರಿನವರಿಗೆ ಅನುಕೂಲ. ಅಂದರೆ ಪಂಚಾಂಗದಲ್ಲಿ ಅದಕ್ಕೆ ಮುಹೂರ್ತವೇ ಇಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ದೊಡ್ಡ ಮನುಷ್ಯನಾಗಿರುತ್ತಿದ್ದೆ. ಮುಂದೆ ಮಾಡಿದ್ದು ಇನ್ನೂ ದೊಡ್ಡ ತಪ್ಪು.

ಆ ಅಂಕಣದಿಂದ ಎದುರು ಕಡೆಯವರಿಗೆ ನನ್ನ ಮೇಲೆ ಪ್ರೀತಿ ಹುಟ್ಟಿತು. ಒಂದು ಸಂಘದವರು ಕರೆದು ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, 'ನಿಷ್ಪಕ್ಷಪಾತ ಲೇಖಕ' ಅಂತ ಫಲಕ ಕೊಟ್ಟರು. ಪೇಟ ಸ್ವಲ್ಪ ಬಿಗಿಯಾಗಿತ್ತು. ಆದರೂ ಚೆನ್ನಾಗಿತ್ತು. ಅಲ್ಲಿಂದ ಮುಂದೆ ನಾನು ಆ ಫಲಕಕ್ಕೆ ತಕ್ಕಂತೆ ಬರೆಯಲು ಶುರು ಮಾಡಿದೆ. ಇವರಿಗೆ ಎರಡು ಏಟು, ಅವರಿಗೆ ಎರಡು ಏಟು. ಅಂಕಣ ಮುಗಿಯುವಾಗ ಎರಡೂ ತಟ್ಟೆ ಸಮ. ಬರೆಯುವುದು ಎಷ್ಟು ಸುಲಭ ಗೊತ್ತಾ? ಮನೆಯಿಂದ ಹೊರಗೆ ಕಾಲಿಡುವುದೇ ಬೇಡ.

2022ರ ಫೆಬ್ರವರಿ 5ರಂದು ಸರ್ಕಾರದ ಸಮವಸ್ತ್ರ ಆದೇಶ ಬಂತು. 10ರಂದು ಹೈಕೋರ್ಟಿನ ಮಧ್ಯಂತರ ಆದೇಶ. ಹಿಜಾಬ್ ಒಂದು ಕಡೆ, ಕೇಸರಿ ಶಾಲು ಇನ್ನೊಂದು ಕಡೆ. ನಾನು ಬುಧವಾರ ರಾತ್ರಿ ಒಂದು ಗಂಟೆಯಲ್ಲಿ ಅಂಕಣ ಮುಗಿಸಿದೆ. ಎರಡೂ ಕಡೆಯವರು ಮಕ್ಕಳನ್ನು ರಾಜಕೀಯಕ್ಕೆ ಬಳಸಿಕೊಳ್ಳುತ್ತಿದ್ದಾರೆ, ಎರಡೂ ಕಡೆಯವರು ತಾಳ್ಮೆ ತಂದುಕೊಳ್ಳಲಿ. ಪತ್ರಿಕೆಗೆ ಫೋನ್‌ಗಳು ಬಂದವು, ಎಲ್ಲ ಮೆಚ್ಚುಗೆಯೇ.

ನನ್ನ ಮಗಳು ಆಗ ದ್ವಿತೀಯ ಪಿಯು. ಗುರುವಾರ ಸಂಜೆ ಪತ್ರಿಕೆ ಮಡಚಿ ಇಟ್ಟು ಕೇಳಿದಳು: 'ಅಪ್ಪಾ, ನನ್ನ ಬೆಂಚಲ್ಲಿ ಕೂರ್ತಿದ್ದೋಳು ಎಂಟು ದಿನದಿಂದ ಬಂದಿಲ್ಲ. ನೀನು ಎರಡು ಕಡೆ ಅಂತ ಬರ್ದಿದ್ದೀಯ. ಅವಳು ಯಾವ ಕಡೆ?'

ಆ ಹುಡುಗಿ ನಮ್ಮ ಮನೆಗೆ ಬಂದವಳು. ನಮ್ಮ ಮನೆಯಲ್ಲಿ ಒಬ್ಬಟ್ಟು ತಿಂದವಳು. ಅವಳ ಮನೆ ಮಂಡಿಯಿಂದ ನಡೆದರೆ ಹತ್ತು ನಿಮಿಷ. ಬರೆಯುವ ಮುಂಚೆ ಹೋಗಿ ಕೇಳಬೇಕು ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಮರುದಿನ ಹೋದೆ. ಅವಳ ಅಪ್ಪ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾರೆ. 'ನಾನು ತೆಗೆದಿಟ್ಟು ಹೋಗು ಅಂದೆ ಸಾರ್, ಪರೀಕ್ಷೆ ಹತ್ತಿರ ಇದೆ ಅಂತ. ಅವಳೇ ಕೇಳ್ತಿಲ್ಲ' ಅಂದರು. ಈ ಒಂದು ವಾಕ್ಯ ನಾನು ಅಲ್ಲಿಯವರೆಗೆ ಓದಿದ ಯಾವ ಲೇಖನದಲ್ಲೂ ಇರಲಿಲ್ಲ. ಅಪ್ಪಂದಿರು ಬಲವಂತ ಮಾಡುತ್ತಾರೆ ಅನ್ನುವವರ ಲೆಕ್ಕಕ್ಕೂ ಸಿಗುವುದಿಲ್ಲ, ಊರಿಗೆ ಊರೇ ಒಂದಾಗಿ ಹೋರಾಡುತ್ತಿದೆ ಅನ್ನುವವರ ಲೆಕ್ಕಕ್ಕೂ ಸಿಗುವುದಿಲ್ಲ. ಕಾಲೇಜಿಗೂ ಹೋದೆ. ಪ್ರಾಂಶುಪಾಲರು ಆದೇಶದ ಪ್ರತಿ ತೋರಿಸಿದರು, ಕೈ ಚೆಲ್ಲಿದರು. ಅವರ ಕಷ್ಟವೂ ಸುಳ್ಳಲ್ಲ.

ಇನ್ನೊಂದು ಅಂಕಣ ಬರೆದೆ. ಇದರಲ್ಲಿ ತಟ್ಟೆ ಸಮ ಇರಲಿಲ್ಲ. ಒಂದು ಕಡೆ ಇಡೀ ಸರ್ಕಾರ, ಇನ್ನೊಂದು ಕಡೆ ಅಪ್ಪನ ಮಾತೂ ಕೇಳದ ಒಬ್ಬ ಹುಡುಗಿ. ಪರೀಕ್ಷೆಗೆ ಎರಡು ತಿಂಗಳಿರುವಾಗ ಮಕ್ಕಳನ್ನು ಬಾಗಿಲಲ್ಲಿ ನಿಲ್ಲಿಸಿದ್ದು ತಪ್ಪು ಅಂತ ನೇರವಾಗಿ ಬರೆದೆ. ಮಾರ್ಚ್ 15ಕ್ಕೆ ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು. ಹುಡುಗಿ ಆ ವರ್ಷ ಪರೀಕ್ಷೆ ಬರೆಯಲಿಲ್ಲ. ನನಗೆ ಫಲಕ ಕೊಟ್ಟವರು ಮತ್ತೆ ಕರೆಯಲಿಲ್ಲ. ಶಾಲನ್ನಂತೂ ವಾಪಸ್ ಕೇಳಲಿಲ್ಲ, ಅಪ್ಪನ ಹಾಸಿಗೆಗೆ ಆಯಿತು.

ಆಮೇಲೆ ಕೊಬ್ಬರಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕಂದರೆ ನಾನು ನಿಜವಾಗಿ ಕಲಿತದ್ದು ಇಲ್ಲೇ.

ತಿಪಟೂರಿನದು ಉಂಡೆ ಕೊಬ್ಬರಿ. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕು, ಒಳಗಿನ ನೀರು ತಾನಾಗಿ ಇಂಗಿ ಗಿಟುಕು ಬಿಟ್ಟುಕೊಳ್ಳುವವರೆಗೆ. ಅಂದರೆ ರೈತ ಇವತ್ತು ಮಾರುವುದು ಹೋದ ವರ್ಷದ ಕಾಯಿ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ನಮ್ಮ ಮಾರುಕಟ್ಟೆಯಲ್ಲಿ ಹರಾಜಾಗುತ್ತಿದ್ದದ್ದು 8 ಸಾವಿರದ ಆಸುಪಾಸಿನಲ್ಲಿ. ರೈತರು ಹರಾಜು ಕಟ್ಟೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು.

ಮೇ ತಿಂಗಳಲ್ಲಷ್ಟೇ ರಾಜ್ಯದಲ್ಲಿ ಸರ್ಕಾರ ಬದಲಾಗಿತ್ತು. ಬಿಜೆಪಿಯವರು ರಾಜ್ಯ ಸರ್ಕಾರದ ಕಡೆ ಬೆರಳು ತೋರಿಸಿದರು. ಕಾಂಗ್ರೆಸಿನವರು ಕೇಂದ್ರದ ಕಡೆ. ನಮ್ಮ ಬಳಗದ ಉತ್ತರ ಸಿದ್ಧವಿತ್ತು: ಕೇಂದ್ರ ಪಾಮ್ ಎಣ್ಣೆಯ ಆಮದು ಸುಂಕ ಇಳಿಸಿತು, ಅಗ್ಗದ ಎಣ್ಣೆ ನುಗ್ಗಿತು, ಕೊಬ್ಬರಿ ಬಿತ್ತು. ಸುಂಕ ಇಳಿಸಿದ್ದು ನಿಜ. ನಾನೂ ಅದನ್ನೇ ಬರೆದೆ. ಚೆನ್ನಾಗಿಯೇ ಬರೆದಿದ್ದೆ ಅಂತ ಹೇಳಬೇಕು.

ಶುಕ್ರವಾರ ನಮ್ಮ ಮಂಡಿ ಯಜಮಾನ್ರು ಪತ್ರಿಕೆ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. ಅವರು ಜಾಸ್ತಿ ಓದಿದವರಲ್ಲ. ಅಂಕಣದ ಬಗ್ಗೆ ಯಾವತ್ತೂ ಮಾತೆತ್ತಿದವರಲ್ಲ. 'ಏನಪ್ಪಾ, ನಿನ್ನೆ ಎಷ್ಟು ಲಾರಿ ಲೋಡ್ ಬರ್ದೆ?' ಅಂದರು. ಮೂರು ಅಂದೆ. 'ಎಲ್ಲಿಗೆ?' ರಶೀದಿ ನೋಡಿದೆ. ದಿಲ್ಲಿ, ಕಾನ್ಪುರ, ಜೈಪುರ. 'ಅಲ್ಲಿ ಅದನ್ನ ಏನು ಮಾಡ್ತಾರೆ?' ನಾನು ಸುಮ್ಮನಾದೆ. 'ತಿಂತಾರೆ ಕಣಪ್ಪಾ. ಪೂಜೆಗಿಡ್ತಾರೆ, ಸಿಹಿಗೆ ಹಾಕ್ತಾರೆ. ಎಣ್ಣೆ ತೆಗೆಯೋಕೆ ಯಾರಾದ್ರೂ ಉಂಡೆ ಕೊಬ್ಬರಿ ತಗೊಂಡು ಹೋಗ್ತಾರಾ? ಇಪ್ಪತ್ತೈದು ವರ್ಷದಿಂದ ನೀನೇ ಬರೀತಿದ್ದೀಯ ರಶೀದೀನ.'

ನನ್ನ ಕೈಬರಹದಲ್ಲೇ ನನ್ನ ಅಂಕಣಕ್ಕೆ ಉತ್ತರ ಇತ್ತು. ದಿನಾ ಬರೆದಿದ್ದೆ, ಒಂದು ದಿನವೂ ಓದಿರಲಿಲ್ಲ. ಎಣ್ಣೆಯ ಬೆಲೆಗೂ ಉಂಡೆ ಕೊಬ್ಬರಿಗೂ ಸಂಬಂಧವೇ ಇಲ್ಲ ಅಂತಲ್ಲ, ಕೆಟ್ಟ ಮಾಲು ಎಣ್ಣೆಗೆ ಹೋಗುತ್ತದೆ, ಒಂದರ ಗಾಳಿ ಇನ್ನೊಂದಕ್ಕೆ ಬೀಸುತ್ತದೆ. ಆದರೆ ನಾನು ಬರೆದಂತೆ ಅದೊಂದೇ ಕಾರಣ ಅಲ್ಲವೇ ಅಲ್ಲ. ಬಳಗಕ್ಕೆ ಬೇಕಾದ ಕಾರಣ ನನ್ನ ಕಣ್ಣೆದುರಿನ ರಶೀದಿಯನ್ನೂ ಮುಚ್ಚಿಬಿಟ್ಟಿತ್ತು.

ಆ ವಾರ ನಾಲ್ಕು ಜನ ವರ್ತಕರನ್ನು ಕೇಳಿದೆ. ನಾಲ್ಕು ಕಾರಣ ಸಿಕ್ಕಿತು. ಆಮೇಲೆ ಒಂದು ಹಾಳೆಯಲ್ಲಿ ಯಾವ ಕೀಲಿ ಯಾರ ಕೈಯಲ್ಲಿದೆ ಅಂತ ಬರೆದುಕೊಂಡೆ. ಬೆಂಬಲ ಬೆಲೆ ನಿಗದಿ ಮಾಡುವುದು ಕೇಂದ್ರ. ಖರೀದಿ ಸಂಸ್ಥೆ ನಾಫೆಡ್ ಮೂಲಕ ಕೊಳ್ಳಲು ಒಪ್ಪಿಗೆ ಕೊಡುವುದೂ ಕೇಂದ್ರ. ನೋಂದಣಿ ಕೇಂದ್ರ ತೆರೆಯುವುದು, ಸಿಬ್ಬಂದಿ ಹಾಕುವುದು, ಬೆಂಬಲ ಬೆಲೆ ಮೇಲೆ ಪ್ರೋತ್ಸಾಹ ಧನ ಕೊಡುವುದು ರಾಜ್ಯ. ಉತ್ತರದ ಮಾರುಕಟ್ಟೆಯಲ್ಲಿ ಬೇಡಿಕೆ ಎಷ್ಟಿದೆ ಅನ್ನುವುದು ಯಾರ ಕೈಯಲ್ಲೂ ಇಲ್ಲ. ಇದನ್ನೇ ಅಂಕಣ ಮಾಡಿದೆ, ಹಿಂದಿನ ವಾರ ನಾನು ಬರೆದದ್ದು ಅರ್ಧ ತಪ್ಪು ಅಂತ ಮೊದಲ ಸಾಲಲ್ಲೇ ಹೇಳಿ. ಸಂಪಾದಕರು ಫೋನ್ ಮಾಡಿ, 'ಇದ್ರಲ್ಲಿ ಯಾರಿಗೂ ಬೈದೇ ಇಲ್ವಲ್ಲ ಸಾರ್' ಅಂದರು. ಯಾರೂ ಹೊಗಳಲಿಲ್ಲ. ಆದರೆ ಮುಂದಿನ ಹರಾಜಿನ ದಿನ ಇಬ್ಬರು ರೈತರು ಆ ಹಾಳೆ ಮಡಚಿ ಜೇಬಲ್ಲಿಟ್ಟುಕೊಂಡು ಬಂದು, ನೋಂದಣಿಗೆ ಯಾರನ್ನು ಹಿಡಿಯಬೇಕು ಅಂತ ನನ್ನನ್ನು ಕೇಳಿದರು. ಅಂಕಣ ಬರೆದದ್ದಕ್ಕೆ ಯಾರಾದರೂ ನನ್ನನ್ನು ಹುಡುಕಿಕೊಂಡು ಮಂಡಿಗೆ ಬಂದದ್ದು ಅದೇ ಮೊದಲು.

ಅಲ್ಲಿಂದ ಒಂದು ಅಭ್ಯಾಸ ಮಾಡಿಕೊಂಡೆ. ಬರೆಯುವ ಮುಂಚೆ ಚೀಟಿಯಲ್ಲಿ ಒಂದು ಸಾಲು: 'ಏನು ಕಂಡರೆ ನಾನು ಮನಸ್ಸು ಬದಲಾಯಿಸುತ್ತೇನೆ?' ಆ ಸಾಲು ಬರೆಯಲು ಆಗದಿದ್ದರೆ ಆ ವಿಷಯ ಆ ವಾರ ಬೇಡ. 2023ರ ಜೂನ್ 11ಕ್ಕೆ ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡುವ ಶಕ್ತಿ ಯೋಜನೆ ಶುರುವಾದಾಗ ಇದನ್ನು ಮಾಡಿ ನೋಡಿದೆ. ಊರಲ್ಲೆಲ್ಲ ಒಂದೇ ಜೋಕು, ಹೆಂಗಸರೆಲ್ಲ ಧರ್ಮಸ್ಥಳಕ್ಕೆ ಹೋಗಿಬಿಟ್ಟರು ಅಂತ. ನಮ್ಮ ಬಳಗದಲ್ಲಿ ಕ್ರಾಂತಿಯ ಮಾತು. ಮೂರು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತೆ. ತುಮಕೂರಿಗೆ ಕೆಲಸಕ್ಕೆ ಹೋಗುವವರು, ಅರಸೀಕೆರೆಗೆ ಮಗಳ ಬಾಣಂತನಕ್ಕೆ ಹೊರಟವರು, ಆಸ್ಪತ್ರೆಗೆ ಹೋಗುವ ಅಜ್ಜಿಯರು. ಜೊತೆಗೆ, ತುಂಬಿದ ಬಸ್ಸು ನಿಲ್ಲಿಸದೆ ಹೋದದ್ದಕ್ಕೆ ಅಳುಮುಖ ಮಾಡಿಕೊಂಡು ನಿಂತ ಸ್ಕೂಲ್ ಮಕ್ಕಳೂ ಇದ್ದರು. ಎರಡನ್ನೂ ಬರೆದೆ. ಸ್ಕೂಲ್ ಮಕ್ಕಳನ್ನು ಬಿಡಬಹುದಿತ್ತು ಅಂತ ಬಳಗ ಹೇಳಿತು. ಅಜ್ಜಿಯರನ್ನು ಬಿಡಬಹುದಿತ್ತು ಅಂತ ಇನ್ನೊಂದು ಕಡೆಯವರು. 2025ರ ಜನವರಿಯಲ್ಲಿ ಟಿಕೆಟ್ ದರ ಶೇಕಡಾ 15 ಏರಿದಾಗ, ಗಂಡಸರ ಜೇಬಿನಿಂದ ಹೋಗುವುದರ ಬಗ್ಗೆಯೂ ಬರೆದೆ.

ಮಗಳು ಇನ್ನೊಂದು ಉಪಾಯ ಕಂಡುಹಿಡಿದಳು. ನನ್ನ ಕರಡಿನಲ್ಲಿ ಪಕ್ಷಗಳ ಹೆಸರು ಹೊಡೆದು ಹಾಕಿ 'ಹಲಸಿನ ಪಕ್ಷ', 'ಮಾವಿನ ಪಕ್ಷ' ಅಂತ ಬರೆದು ಜೋರಾಗಿ ಓದುತ್ತಾಳೆ. ಆಮೇಲೆ ಹಲಸನ್ನು ಮಾವು ಮಾಡಿ ಇನ್ನೊಂದು ಸಲ. ಎರಡನೇ ಸಲ ಓದುವಾಗ ನನ್ನ ಮುಖ ಸಣ್ಣಗಾದರೆ ಆ ಪ್ಯಾರಾ ತೆಗೆಯುತ್ತೇನೆ. ನಗು ಬರುತ್ತದೆ, ಕೆಲಸವೂ ಆಗುತ್ತದೆ.

2024ರ ಫೆಬ್ರವರಿಯಲ್ಲಿ ಹಲಸು ಮಾವಿನ ಅಗತ್ಯವೇ ಬೀಳಲಿಲ್ಲ. ಹಣ್ಣು ಒಂದೇ ಆಗಿತ್ತು.

ಹಿಂದಿನದು ನೆನಪಿರಬಹುದು. 2019ರಲ್ಲಿ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ಬಿತ್ತು. ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಒಪ್ಪಿತು, ಮತ್ತೆ ಚುನಾವಣೆಗೆ ನಿಲ್ಲಬಹುದು ಅಂತಲೂ ಹೇಳಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ 15 ಸ್ಥಾನಗಳಲ್ಲಿ ಬಿಜೆಪಿ 12 ಗೆದ್ದಿತು. ಆಗ ನಾನು 'ಕೊಬ್ಬರಿಗಾದರೂ ಹರಾಜು ಕಟ್ಟೆ ಇದೆ' ಅಂತ ಶಾಸಕರ ಮೇಲೆ ಬರೆದ ಅಂಕಣ ಬಳಗದಲ್ಲಿ ತುಂಬ ಓಡಾಡಿತ್ತು.

2024ರ ಫೆಬ್ರವರಿ 27, ರಾಜ್ಯಸಭಾ ಚುನಾವಣೆ. ಯಶವಂತಪುರದ ಬಿಜೆಪಿ ಶಾಸಕ ಎಸ್.ಟಿ. ಸೋಮಶೇಖರ್ ಕಾಂಗ್ರೆಸ್ ಅಭ್ಯರ್ಥಿಗೆ ಮತ ಹಾಕಿದರು. ಯಲ್ಲಾಪುರದ ಶಿವರಾಮ ಹೆಬ್ಬಾರ್ ಮತ ಹಾಕಲು ಬರಲೇ ಇಲ್ಲ. ಇಬ್ಬರೂ 2019ರ ಆ 17ರಲ್ಲಿ ಇದ್ದವರು. ಅವತ್ತು ಸಂಜೆ ನನ್ನ ಗೆಳೆಯನ ಮೆಸೇಜ್ ಬಂತು: 'ಆತ್ಮಸಾಕ್ಷಿ ಇನ್ನೂ ಬದುಕಿದೆ ಕಣಯ್ಯಾ!' 2019ರಲ್ಲಿ ಅದೇ ಸೋಮಶೇಖರ್ ಬಗ್ಗೆ ಅವನು ಬಳಸಿದ ಪದ ನನ್ನ ಕಿರ್ದಿಯಲ್ಲಿದೆ, ಇಲ್ಲಿ ಹಾಕುವುದಿಲ್ಲ.

ಗುರುವಾರ ನನ್ನ ಹಳೇ ಅಂಕಣವನ್ನೇ ಮತ್ತೆ ಹಾಕಿಸಿದೆ. ದಿನಾಂಕ, ಪಕ್ಷದ ಹೆಸರು ಅಷ್ಟೇ ಬದಲು. ಕೆಳಗೆ ಒಂದು ಪ್ಯಾರಾ ಸೇರಿಸಿದೆ, ಯಾಕಂದರೆ ಎರಡೂ ಪೂರ್ತಿ ಒಂದೇ ಅಲ್ಲ. 2019ರಲ್ಲಿ ರಾಜೀನಾಮೆ ಕೊಟ್ಟು ಒಂದು ಸರ್ಕಾರವನ್ನೇ ಕೆಡವಿದರು. ಈ ಸಲ ಯಾವ ಸರ್ಕಾರವೂ ಬೀಳಲಿಲ್ಲ. ತೂಕ ಬೇರೆ. ಆದರೆ ಒಂದು ಪಕ್ಷದ ಹೆಸರಲ್ಲಿ ಗೆದ್ದು ಇನ್ನೊಂದರ ಕೆಲಸ ಮಾಡುವುದಕ್ಕೆ 2019ರಲ್ಲಿ ನಾವು ಇಟ್ಟ ಹೆಸರನ್ನು ಈಗ ಬದಲಾಯಿಸಲು ಬರುವುದಿಲ್ಲ ಅಂತ ಬರೆದೆ.

'ಎಡಬಿಡಂಗಿ' ಅಂದದ್ದು ಅವತ್ತೇ. ಅವನು ಎದ್ದು ಹೋದ. ಟೀ ದುಡ್ಡು ತನ್ನದಷ್ಟೇ ಕೊಟ್ಟು ಹೋದ. ಇಪ್ಪತ್ತು ವರ್ಷದಲ್ಲಿ ಹಾಗೆ ಮಾಡಿದವನಲ್ಲ. ಹೋದ ವರ್ಷ ಅವನ ಮಗನ ಮದುವೆ ಆಯಿತು. ಆಮಂತ್ರಣ ಬಂತು, ಪೋಸ್ಟಿನಲ್ಲಿ. ನಾಲ್ಕು ಬೀದಿ ಆಚೆ ಮನೆ. ಅರಿಶಿನ ಕುಂಕುಮ ಹಿಡಿದುಕೊಂಡು ಗಂಡ ಹೆಂಡತಿ ಬಂದು ಕರೆಯಬೇಕಾದವರು ಸ್ಟಾಂಪ್ ಅಂಟಿಸಿ ಕಳಿಸಿದ್ದರು. ನನ್ನ ಹೆಂಡತಿ ಅದನ್ನು ತುಂಬ ಹೊತ್ತು ಹಿಡಿದುಕೊಂಡಿದ್ದಳು. ಮದುವೆಗೆ ಹೋದೆವು. ಅಕ್ಷತೆ ಹಾಕಿದೆವು. ಊಟದ ಹೊತ್ತಿಗೆ ಅವನೇ ಬಂದು 'ಹೋಳಿಗೆ ಹಾಕಿಸ್ಕೊ' ಅಂದ. ಮುಂದಕ್ಕೆ ಮಾತು ಬೆಳೆಯಲಿಲ್ಲ. ಎದುರು ಕಡೆಯವರ ನೂರು ಬೈಗುಳ ಸೇರಿಸಿದರೂ ಆ ಸ್ಟಾಂಪಿನಷ್ಟು ನೋವು ಮಾಡಿಲ್ಲ.

ಈಗ ಬಲಪುಟದ ಬಾಕಿ ಹೇಳಬೇಕು.

ಅದೇ ಫೆಬ್ರವರಿ 29ರಂದು, ರಾಜ್ಯಸಭಾ ಚುನಾವಣೆ ಮುಗಿದ ಎರಡೇ ದಿನಕ್ಕೆ, ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷ ಜಯಪ್ರಕಾಶ ಹೆಗ್ಡೆ ಜಾತಿ ಸಮೀಕ್ಷೆಯ ವರದಿಯನ್ನು ಮುಖ್ಯಮಂತ್ರಿಗೆ ಕೊಟ್ಟರು. ಸಮೀಕ್ಷೆ ನಡೆದದ್ದು 2015ರಲ್ಲಿ, ಕಾಂತರಾಜ ಅಧ್ಯಕ್ಷರಾಗಿದ್ದಾಗ. ಸಂಪುಟದ ಮುಂದೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಲಿಂಗಾಯತ, ಒಕ್ಕಲಿಗ ಮುಖಂಡರು ಪಕ್ಷ ಮರೆತು ವರದಿಯ ವಿರುದ್ಧ ಎದ್ದು ನಿಂತರು. ಜೂನ್‌ನಲ್ಲಿ ಹೊಸ ಸಮೀಕ್ಷೆಯ ಮಾತು ಬಂತು, ಸೆಪ್ಟೆಂಬರ್‌ನಲ್ಲಿ ಅದು ಶುರುವಾಯಿತು. ಹತ್ತು ವರ್ಷದ ವರದಿ ಹಾಗೇ ಕೂತಿತು.

ನಾನು ಹುಟ್ಟಿದ್ದು ಆ ಎರಡು ಜಾತಿಗಳಲ್ಲಿ ಒಂದರಲ್ಲಿ. ಯಾವುದು ಅಂತ ಇಲ್ಲಿ ಹೇಳುವುದಿಲ್ಲ, ಊರಿನವರಿಗೆ ಗೊತ್ತು. ಮಂಡಿ ಯಜಮಾನ್ರು ಇನ್ನೊಂದರಲ್ಲಿ. ನಮ್ಮ ಟೀ ಅಂಗಡಿ ಬಳಗದಲ್ಲಿ ಐದಕ್ಕೆ ನಾಲ್ಕು ಜನ ಈ ಎರಡರಲ್ಲೇ ಬರುತ್ತಾರೆ. ಎಡ, ಬಲ ಅಂತ ಇಪ್ಪತ್ತು ವರ್ಷ ಕಿತ್ತಾಡಿದ ಊರಿನವರು ಈ ಒಂದು ವಿಷಯದಲ್ಲಿ ಎಷ್ಟು ಚೆನ್ನಾಗಿ ಒಂದಾದರು ಅಂದರೆ, ಆ ಭಾನುವಾರ ಟೀ ಅಂಗಡಿಯಲ್ಲಿ ಜಗಳವೇ ಇರಲಿಲ್ಲ. ನಾನೂ ಟೀ ಕುಡಿದು ಎದ್ದು ಬಂದೆ.

ಚೀಟಿ ಬರೆದಿದ್ದೇನೆ. ಹಲಸು ಮಾವು ಮಾಡಿ ಮಗಳು ಓದಿಯೂ ಆಯಿತು. ಕರಡು ಮೂರು ಸಲ ಆಗಿದೆ. ಪ್ರತಿ ಬುಧವಾರ ರಾತ್ರಿ ಅದನ್ನು ತೆಗೆಯುತ್ತೇನೆ, ಬೇರೆ ವಿಷಯ ಬರೆದು ಕಳಿಸುತ್ತೇನೆ. ಬಲಪುಟದಲ್ಲಿ 'ಏಪ್ರಿಲ್ 2025, ಸಮೀಕ್ಷೆ' ಅಂತ ಇದೆ. ಕಾರಣದ ಜಾಗದಲ್ಲಿ ಮೊದಲು 'ಮಾಹಿತಿ ಸಾಲದು' ಅಂತ ಬರೆದು ಹೊಡೆದು ಹಾಕಿದ್ದೇನೆ. ಅದರ ಕೆಳಗೆ 'ಯಜಮಾನ್ರು' ಅಂತ ಬರೆದು ಅದನ್ನೂ ಹೊಡೆದಿದ್ದೇನೆ. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಹಳೇ ಪದವೇ ಇದೆ.